ಮೂರು ಪಾದ ಕಡಿಮೆ

"ಗುರುಗಳೇ, ಜೊತೆಯಲ್ಲಿ ಕೆಲಸ ಮಾಡುವವನ ಮೇಲೆ ಪೂರ್ತಿ ನಂಬಿಕೆ ಬಾರದಿದ್ದರೆ, ಅವನಿಗೆ ತಿಳಿಯದಂತೆ ಒಂದಿಷ್ಟು ಎಚ್ಚರ ವಹಿಸುವುದು ತಪ್ಪೇ?" ಎಂದು ಮಹಾಲಿಂಗನೆಂಬ ಶಿಷ್ಯ ಕೇಳಿದ.

ಅವನೂ ಪರ್ವತನೆಂಬ ಇನ್ನೊಬ್ಬ ಶಿಷ್ಯನೂ ಸೇರಿ ಮಠದ ಕೆರೆಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದರು. ಪರ್ವತ ಸ್ವಲ್ಪ ಹುಂಬ. ಅವನು ಕರೆದರೂ ಆಳಕ್ಕೆ ಹೋಗಬೇಡಿ ಎಂದು ಮಹಾಲಿಂಗ ಮಕ್ಕಳಿಗೆ ಗುಟ್ಟಾಗಿ ಹೇಳಿಟ್ಟಿದ್ದ. ಅದನ್ನು ಗುರುಗಳ ಮುಂದೆ ಒಪ್ಪಿಕೊಂಡು, "ಹೀಗೆ ಮಾಡಿದರೆ ಅವನ ಮನಸ್ಸೂ ನೋಯುವುದಿಲ್ಲ, ಕೆಲಸವೂ ಕೆಡುವುದಿಲ್ಲ" ಎಂದು ಸೇರಿಸಿದ.

"ತೀರ್ಪನ್ನು ನೀನೇ ಕೊಟ್ಟಾಯಿತಲ್ಲ, ಮತ್ತೆ ನನ್ನನ್ನೇಕೆ ಕೇಳುತ್ತೀಯ?" ಎಂದು ಗುರುಗಳು ನಕ್ಕರು. "ಕೂತುಕೋ. ಒಂದು ಓಟದ ಕತೆ ಹೇಳುತ್ತೇನೆ."

ಹಿಂದೊಮ್ಮೆ ಹಲವು ದೇಶಗಳ ಕ್ರೀಡಾಕೂಟ ನಡೆಯಿತು. ಆ ಕೂಟದಲ್ಲಿ ಒಬ್ಬ ಈಜುಗಾರ ಐದು ಪದಕ ಗೆದ್ದ. ಭಾರ ಎತ್ತುವವನೊಬ್ಬ ಹಳೆಯ ದಾಖಲೆಯನ್ನು ಮುರಿದ. ಆದರೆ ಜನರ ಬಾಯಲ್ಲಿದ್ದದ್ದು ಒಬ್ಬ ಓಟಗಾರ್ತಿಯ ಹೆಸರು. ನೂರು ಮೀಟರಿನಲ್ಲಿ ಅವಳದೇ ಚಿನ್ನ, ಇನ್ನೂರರಲ್ಲಿಯೂ ಅವಳದೇ. ಇನ್ನು ಉಳಿದದ್ದು ನಾಲ್ವರು ಸೇರಿ ಓಡುವ ರಿಲೇ. ಅದನ್ನೂ ಗೆದ್ದರೆ ಮೂರು ಚಿನ್ನ. ಅವಳ ದೇಶದಲ್ಲಿ ಅಲ್ಲಿಯವರೆಗೆ ಯಾರಿಗೂ ಅದು ಸಾಧ್ಯವಾಗಿರಲಿಲ್ಲ.

ರಿಲೇಯಲ್ಲಿ ಅವಳದು ಕೊನೆಯ ಸರದಿ. ಅವಳ ಕೈಗೆ ಕೋಲು ಕೊಡಬೇಕಾದವಳು ಮೂರನೆಯವಳು. ಅವಳು ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಒಂದು ಮಗುವಿನ ತಾಯಿ. ಅಂಥ ಮೂರು ಕೂಟಗಳಿಗೆ ಹೋಗಿ ಬರಿಗೈಯಲ್ಲಿ ಮರಳಿದ್ದವಳು. ಇದು ನಾಲ್ಕನೆಯದು, ಇದೇ ಕೊನೆಯದು. ಪದಕವನ್ನು ಒಮ್ಮೆಯಾದರೂ ಕೊರಳಿಗೆ ಹಾಕಿಕೊಳ್ಳಬೇಕೆಂಬ ಆಸೆಯೊಂದೇ ಅವಳನ್ನು ಮತ್ತೆ ಮೈದಾನಕ್ಕೆ ಎಳೆದು ತಂದಿತ್ತು.

ಕೋಲು ಕೊಡುವುದಕ್ಕೆ ಒಂದು ಪದ್ಧತಿ ಇದೆ. ತೆಗೆದುಕೊಳ್ಳುವವಳು ತಾನು ನಿಲ್ಲುವ ಜಾಗದಿಂದ ಹಿಂದಕ್ಕೆ ಪಾದಕ್ಕೆ ಪಾದ ಜೋಡಿಸಿ ಅಳೆದು, ನೆಲದ ಮೇಲೆ ಒಂದು ಟೇಪಿನ ತುಂಡು ಅಂಟಿಸುತ್ತಾಳೆ. ಕೊಡುವವಳು ಓಡಿ ಬಂದು ಆ ಟೇಪನ್ನು ದಾಟಿದ ಕ್ಷಣವೇ ಇವಳು ಓಟ ಕೀಳಬೇಕು. ಆಮೇಲೆ ತಿರುಗಿ ನೋಡುವಂತಿಲ್ಲ. ಹಿಂದಿನಿಂದ "ಹಿಡಿ" ಎಂಬ ಕೂಗು ಕೇಳಿದಾಗ ಕೈಯನ್ನು ಹಿಂದಕ್ಕೆ ಚಾಚಬೇಕು, ಅಷ್ಟೆ. ಆ ಟೇಪು ಎಲ್ಲಿದೆ ಎನ್ನುವುದರ ಮೇಲೆ ಇಡೀ ಓಟ ನಿಂತಿರುತ್ತದೆ. ಅದು ದೂರವಿದ್ದರೆ ಇವಳು ಬೇಗ ಹೊರಡುತ್ತಾಳೆ, ಹತ್ತಿರವಿದ್ದರೆ ತಡವಾಗಿ. ಇವರಿಬ್ಬರ ನಡುವಿನ ಅಳತೆ ಇಪ್ಪತ್ತೈದು ಪಾದ. ಒಂದು ವರ್ಷ ದಿನವೂ ಅಭ್ಯಾಸ ಮಾಡಿ ಗೊತ್ತುಮಾಡಿಕೊಂಡದ್ದು.

ಸೆಮಿಫೈನಲಿನಲ್ಲಿ ಎಡವಟ್ಟಾಯಿತು. ಮೂರನೆಯವಳು ಕೊನೆಯಲ್ಲಿ ಕಾಲು ಸೋತು ಬಂದಳು. ಮುಂದೆ ಓಡುತ್ತಿದ್ದವಳು ಅವಳಿಗಾಗಿ ವೇಗ ತಗ್ಗಿಸಬೇಕಾಯಿತು. ಇನ್ನೆರಡು ಹೆಜ್ಜೆ ಹೋಗಿದ್ದರೆ ಕೋಲು ಕೊಡಬೇಕಾದ ಗೆರೆಯೇ ದಾಟಿಹೋಗಿ ಓಟದಿಂದ ಹೊರಬೀಳುತ್ತಿದ್ದರು. ಹೇಗೋ ಗೆದ್ದು ಫೈನಲಿಗೆ ಬಂದರು.

ಮರುದಿನ ಬೆಳಿಗ್ಗೆ ತರಬೇತುದಾರ ಇಬ್ಬರನ್ನೂ ಕೂರಿಸಿಕೊಂಡು ಕೇಳಿದ, "ಅಳತೆ ಕಡಿಮೆ ಮಾಡೋಣವೇ?"

ಮೂರನೆಯವಳು ಕೆಂಪಾದಳು. "ಬೇಡ. ಇಪ್ಪತ್ತೈದೇ ಇರಲಿ. ನಿನ್ನೆಯದು ನಿನ್ನೆಗಾಯಿತು. ಇವತ್ತು ನಾನು ಬಂದೇ ಬರ್ತೀನಿ" ಎಂದಳು. ಆಮೇಲೆ ಕೊನೆಯವಳ ಕಡೆ ತಿರುಗಿ, "ನಿನಗೇನನ್ನಿಸುತ್ತದೆ, ಹೇಳಮ್ಮ" ಎಂದಳು.

"ಇಪ್ಪತ್ತೈದೇ ಇರಲಿ ಅಕ್ಕ" ಎಂದಳು ಅವಳು. ಎದುರಿಗೆ ಕೂತವಳ ಮುಖ ನೋಡಿ ಬೇರೆ ಮಾತು ಬರಲಿಲ್ಲ. ದಾಕ್ಷಿಣ್ಯ ಅನ್ನುತ್ತೇವಲ್ಲ, ಅದು. ನಮ್ಮಲ್ಲಿ ಅದನ್ನು ದೊಡ್ಡ ಗುಣವೆಂದು ಎಣಿಸುವ ರೂಢಿಯಿದೆ.

ಸಂಜೆ ಓಟಕ್ಕೆ ಮುಂಚೆ ಕೊನೆಯವಳು ತನ್ನ ಜಾಗಕ್ಕೆ ಹೋಗಿ ಪಾದಕ್ಕೆ ಪಾದ ಜೋಡಿಸಿ ಎಣಿಸಿದಳು. ಇಪ್ಪತ್ತೆರಡಕ್ಕೆ ನಿಂತಳು. ಅತ್ತಿತ್ತ ನೋಡಿದಳು. ಮೂರನೆಯವಳು ಮೈದಾನದ ಆಚೆ ತಿರುವಿನಲ್ಲಿ ಚುಕ್ಕೆಯಷ್ಟು ಕಾಣುತ್ತಿದ್ದಳು. ಇವಳು ಟೇಪನ್ನು ಅಲ್ಲೇ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. 'ಅವಳು ಸೋತು ಬಂದರೂ ಕೋಲು ನನ್ನ ಕೈ ಸೇರುತ್ತದೆ. ಅವಳಿಗೆ ತಿಳಿಯುವುದೂ ಇಲ್ಲ' ಎಂದುಕೊಂಡಳು.

ಗುಂಡು ಹಾರಿತು. ಮೊದಲನೆಯವಳು ಚೆನ್ನಾಗಿ ಓಡಿದಳು. ಎರಡನೆಯವಳು ಹಿಂದೆ ಬಿದ್ದಳು. ಮೂರನೆಯವಳ ಕೈಗೆ ಕೋಲು ಬಂದಾಗ ಮೂರು ದೇಶಗಳು ಮುಂದಿದ್ದವು. ಕೊನೆಯವಳು ತನ್ನ ಜಾಗದಲ್ಲಿ ಬಾಗಿ, ಹಿಂದಕ್ಕೆ ಕತ್ತು ಹೊರಳಿಸಿ, ಟೇಪಿನ ಮೇಲೆ ಕಣ್ಣು ನೆಟ್ಟಳು.

ಆ ಹೆಂಗಸು ಅಂದು ಓಡಿದ ಹಾಗೆ ಜನ್ಮದಲ್ಲಿ ಓಡಿರಲಿಲ್ಲ. ತಿರುವಿನಲ್ಲಿ ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ತಿರುವು ಮುಗಿಯುವಷ್ಟರಲ್ಲಿ ಮೊದಲಿನವಳನ್ನೂ ಹಿಂದೆ ಹಾಕಿದಳು. ಮೈದಾನದಲ್ಲಿದ್ದವರೆಲ್ಲ ಎದ್ದು ನಿಂತರು. ಕೊಟ್ಟ ಮಾತಿನಂತೆ ಬಂದಳು. ಮಾತಿಗಿಂತ ಹೆಚ್ಚೇ ಬಂದಳು.

ಇಪ್ಪತ್ತೆರಡು ಪಾದ ಸಾಲದೆಂದು ಕೊನೆಯವಳಿಗೆ ಆಗ ತಿಳಿಯಿತು. ಟೇಪನ್ನು ಹಿಂದಕ್ಕೆ ಸರಿಸಲು ಸಮಯವಿಲ್ಲ. ಅವಳು ಟೇಪು ದಾಟುವವರೆಗೆ ಕಾಯದೆ ಓಡಲೇ? ಅಳತೆಯೇ ಇಲ್ಲದೆ ಓಡುವುದು ಹೇಗೆ? ಈ ಗೊಂದಲದಲ್ಲಿ ಕಾಲು ಕಿತ್ತಿಡುವುದು ಮತ್ತಷ್ಟು ತಡವಾಯಿತು. ವೇಗ ಬರುವ ಮೊದಲೇ ಕಿವಿಯ ಹಿಂದೆ "ಹಿಡಿ" ಎಂಬ ಕೂಗು ಬಿತ್ತು. ಕೈ ಇನ್ನೂ ಮೇಲೆದ್ದಿರಲಿಲ್ಲ. ಮೂರನೆಯವಳ ಕಾಲು ಇವಳ ಹಿಮ್ಮಡಿಗೆ ತಗುಲಿತು. ಕೋಲು ಮೊಣಕೈಗೆ ಬಡಿದು ಕೆಳಗೆ ಬಿದ್ದು ಪಕ್ಕದ ಸಾಲಿಗೆ ಉರುಳಿಹೋಯಿತು. ಏಳು ದೇಶದವರು ದಾಟಿ ಹೋದರು.

ಮೂರನೆಯವಳು ನೆಲದ ಮೇಲೆ ಕೂತಿದ್ದಳು. ಮಂಡಿಯಿಂದ ರಕ್ತ ಸೋರುತ್ತಿತ್ತು. ಅವಳಿಗೆ ಅದರ ಕಡೆ ಗಮನವಿರಲಿಲ್ಲ. ಕೊನೆಯವಳ ಕೈ ಹಿಡಿದುಕೊಂಡು ಅತ್ತಳು.

"ತಪ್ಪು ನಂದು ಕಣೇ. ನಿನ್ನ ಮೇಲೆ ನುಗ್ಗಿಬಿಟ್ಟೆ. ಇಷ್ಟು ಜೋರಾಗಿ ಬರ್ತೀನಿ ಅಂತ ನನಗೇ ಗೊತ್ತಿರಲಿಲ್ಲ. ನಿನ್ನ ಮೂರನೇ ಚಿನ್ನ ಹಾಳುಮಾಡಿದೆ. ಕ್ಷಮಿಸಿಬಿಡು."

"ಇರಲಿ ಬಿಡಕ್ಕ" ಎಂದಳು ಇವಳು.

ನೋಡು ಮಹಾಲಿಂಗ, ಕ್ಷಮಿಸಿದವರು ಯಾರು ನೋಡು! ಇದನ್ನು ಹೇಳುವಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಳುವವಳ ಬೆನ್ನು ಸವರಿ ಎಬ್ಬಿಸಿ ಕಳಿಸಿದಳು. ಆಮೇಲೆ ಷೂ ದಾರ ಕಟ್ಟುವವಳಂತೆ ಬಗ್ಗಿ, ಉಗುರಿನಿಂದ ಆ ಟೇಪನ್ನು ಕಿತ್ತು ಮುಷ್ಟಿಯಲ್ಲಿ ಮುದುರಿಕೊಂಡಳು.

ಕೂಟದ ಫಲಿತಾಂಶಗಳ ಪುಸ್ತಕದಲ್ಲಿ ಅವಳ ಎರಡು ಚಿನ್ನ ಇವತ್ತಿಗೂ ಇವೆ. ರಿಲೇಯ ಎದುರು ಆ ದೇಶಕ್ಕೆ 'ಓಟ ಪೂರೈಸಲಿಲ್ಲ' ಎಂದಿದೆ. ಮೂರನೆಯವಳನ್ನು ಊರವರು ಕೋಲು ಬೀಳಿಸಿದವಳು ಎಂದೇ ಗುರುತಿಸಿದರು. ಅವಳು ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ. ಮಗಳು ಓಡುತ್ತೇನೆಂದಾಗಲೂ ಬೇಡವೆಂದಳಂತೆ. ಅವಳು ತೀರಿಕೊಂಡ ಎಷ್ಟೋ ದಿನಗಳ ಮೇಲೆ ಎರಡು ಚಿನ್ನದವಳು ಬಾಯಿಬಿಟ್ಟಳು. ಕೇಳಬೇಕಾದವಳು ಅಷ್ಟರಲ್ಲಿ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಹಾಲಿಂಗ, "ಹಾಗಾದರೆ ಅವಳನ್ನು ನಂಬಲೇಬೇಕಿತ್ತು ಎನ್ನುತ್ತೀರಾ? ಹಿಂದಿನ ದಿನ ಸೋತು ಬಂದದ್ದನ್ನು ಕಣ್ಣಾರೆ ಕಂಡ ಮೇಲೂ?" ಎಂದು ಕೇಳಿದ.

"ನಂಬದಿದ್ದರೂ ನಡೆಯುತ್ತಿತ್ತಪ್ಪ, ಹೇಳಬೇಕಾಗಿತ್ತು" ಎಂದರು ಗುರುಗಳು.

ಮಹಾಲಿಂಗ ಎದ್ದು ಪರ್ವತನನ್ನು ಹುಡುಕಿಕೊಂಡು ಕೆರೆಯ ಕಡೆ ನಡೆದ.