ಕೆಳಸಾಲಿನ ತಾಮ್ರದ ಕೊಡ

"ಕಾಕಾ, ದೇವರನ್ನೂ ದೊರೆಗಳನ್ನೂ ಬರೆದವರ ಚಿತ್ರಗಳು ಗೋಡೆಯ ಮೇಲುಸಾಲಿಗೆ ಏರಿವೆ. ನನ್ನ ತಾಮ್ರದ ಕೊಡ ಅಡುಗೆಮನೆಯ ಬಾಗಿಲ ಪಕ್ಕ, ಕೆಳಸಾಲಿನಲ್ಲಿದೆ. ಕೊಡ ಬರೆಯುವವಳೂ ಕಲಾವಿದೆಯೇ?"

ಸಾವಂತ್ರೆವ್ವ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿಕೊಂಡೇ ಬಂದಿದ್ದಳು. ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಮಧ್ಯಾಹ್ನದ ಬಸ್ಸಿಗೆ ಊರು ಸೇರುವುದೆಂದು ನಿಶ್ಚಯಿಸಿದ್ದಳು. ಇಡೀ ಚಿತ್ರಶಾಲೆಗೆ ಕಾಕಾ ಎನಿಸಿದ ಗುರು ಬಸಲಿಂಗಪ್ಪ ಮೀಸೆ ತಿರುವಿದರು.

"ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ಮೀಸೆ ಉದುರಲಿ. ಮೂರು ಜಿಲ್ಲೆಯಲ್ಲಿ ಇಂಥ ಮೀಸೆ ಇನ್ನೊಂದಿಲ್ಲ, ಆದ್ದರಿಂದ ನಂಬಿ ಕೇಳು.

"ಫ್ರಾನ್ಸ್ ದೇಶದಲ್ಲಿ ಇನ್ನೂ ದೊರೆಗಳಿದ್ದ ಕಾಲ. ಚಿತ್ರಕಾರರಲ್ಲೂ ಅಲ್ಲಿ ಪಂಕ್ತಿಭೇದವಿತ್ತು. ಯುದ್ಧ, ಪುರಾಣ ಬರೆದವನು ಮೇಲು. ಮುಖ ಬರೆದವನು ನಡು. ಪಾತ್ರೆ, ಈರುಳ್ಳಿ, ಸತ್ತ ಮೀನು ಬರೆದವನು ಎಲ್ಲರಿಗಿಂತ ಕೆಳಗೆ. ಒಮ್ಮೆ ಅರಮನೆಯಲ್ಲಿ ಚಿತ್ರಗಳ ಪ್ರದರ್ಶನ ನಡೆಯಿತು. ದೊಡ್ಡವರ ದೊಡ್ಡ ಚಿತ್ರಗಳು ಸೂರಿನವರೆಗೆ ಏರಿದವು. ಒಬ್ಬ ಪಾತ್ರೆಯವನ ತಾಮ್ರದ ಕೊಡ ಕೆಳಗುಳಿಯಿತು. ಯುದ್ಧ ಬರೆದವನು ನಕ್ಕ: 'ಏನಯ್ಯಾ, ನಿನ್ನ ಕೊಡ ಸರಿಯಾಗಿ ನನ್ನ ಕುದುರೆಯ ಲದ್ದಿ ಬೀಳುವ ಜಾಗದಲ್ಲಿದೆಯಲ್ಲ!' ಇದೇ ನನ್ನ ಕೊನೆಯ ಕೊಡ ಎಂದುಕೊಂಡ ಪಾತ್ರೆಯವನು.

"ಬಾಗಿಲು ತೆರೆಯಿತು. ಊರಿಗೆ ಊರೇ ನುಗ್ಗಿತು. ಮೇಲೆ ನೋಡಿ ನೋಡಿ ನೂರು ಜನರ ಕತ್ತು ಉಳುಕಿತು. ಸೇನಾಪತಿಯ ಮುಖ ಒಬ್ಬರಿಗೂ ಕಾಣಲಿಲ್ಲ, ಕುದುರೆಯ ಹೊಟ್ಟೆ ಮಾತ್ರ ಕಂಡಿತು. ಆಗ ಒಬ್ಬ ಅಡುಗೆಯವಳು ಕೊಡದ ಮುಂದೆ ನಿಂತಳು. 'ಅಯ್ಯೋ, ಕಂಠದ ಕೆಳಗೆ ಕಿಲುಬು ಹಾಗೇ ಬಿಟ್ಟಿದ್ದಾರಲ್ಲ, ಯಾವ ಸೋಮಾರಿ ತೊಳೆದದ್ದು ಇದನ್ನು!' ಎಂದವಳೇ ಸೆರಗಿನ ಗಂಟು ಬಿಚ್ಚಿ, ಹುಣಸೆಹಣ್ಣು ತೆಗೆದು, ತಿಕ್ಕಲು ಕೈ ಚಾಚಿದಳು. ಬೆರಳಿಗೆ ಚಿತ್ರದ ಬಟ್ಟೆ ತಾಗಿತು. ಸುತ್ತಲಿದ್ದವರು ನಗಲಿಲ್ಲ, ತಾವೂ ಹತ್ತಿರ ಬಂದು ನೋಡಿದರು. ಪಾತ್ರೆಯವನು ಅಂದೇ ಮನೆಗೆ ಹೋಗಿ ಮೇಜಿನ ಮೇಲೆ ನಾಲ್ಕು ಈರುಳ್ಳಿ ಜೋಡಿಸಿದ."

ಸಾವಂತ್ರೆವ್ವ ಗಂಟನ್ನು ಮಡಿಲಲ್ಲಿ ಹಿಡಿದುಕೊಂಡೇ ನಕ್ಕಳು. "ಫ್ರಾನ್ಸಿನಲ್ಲಿ ಸೆರಗೂ ಹುಣಸೆಹಣ್ಣೂ ಎಲ್ಲಿಂದ ಬಂದವು ಕಾಕಾ?"

ಕಾಕಾ ಅಂಗೈಯಿಂದ ಮೀಸೆ ಮುಚ್ಚಿಕೊಂಡರು.

"ಅದೊಂದು ಮಾತ್ರ ಸುಳ್ಳು ಮಗಳೇ, ಆ ಹುಣಸೆಹಣ್ಣು ಇವತ್ತು ಬೆಳಿಗ್ಗೆ ನಿನ್ನ ಕೊಡದ ಮುಂದೆ ನಿಂತಿದ್ದ ನಮ್ಮ ಅಡುಗೆಯ ದುಂಡವ್ವನ ಕೈಯಲ್ಲಿತ್ತು."