ಸೀರೆ ಹೊದಿಸಿದ ಪಂಜರಗಳು

ವಾರಿಜಮ್ಮನವರ ಪಡಸಾಲೆಯಲ್ಲಿ ಎರಡು ಪಂಜರಗಳಿದ್ದವು. ಒಂದರಲ್ಲಿ ಹಳೆಯ ಗಿಳಿ, ಇನ್ನೊಂದರಲ್ಲಿ ಮೊನ್ನೆಯಷ್ಟೇ ಬಂದ ಗಿನಿಪಿಗ್. ದೀಪ ಆರಿಸುವ ಮುಂಚೆ ಗಿಳಿಗೆ ಮಾಡುವಂತೆಯೇ ಗಿನಿಪಿಗ್ಗಿಗೂ ಹಳೇ ಸೀರೆ ಹೊದಿಸುತ್ತಿದ್ದರು. ಗಿಳಿ ಮಲಗುತ್ತಿತ್ತು. ಗಿನಿಪಿಗ್ ಆಗಲೇ ಎದ್ದು, ಸರಳು ಕಡಿದು, “ವೀಕ್, ವೀಕ್” ಎಂದು ಕಿರುಚುತ್ತಿತ್ತು. ವಾರಿಜಮ್ಮ ನಿದ್ದೆಗಣ್ಣಲ್ಲೇ ಬಂದು, ಅದರ ಬಾಯಿ ಮುಚ್ಚಿಸಲು ಒಂದು ಹೋಳು ಸೌತೆಕಾಯಿ ಕೊಟ್ಟು ಹೋಗುತ್ತಿದ್ದರು.

“ಸೀರೆ ಬಿದ್ದ ಮೇಲೆ ಮಲಗಬೇಕು. ಅದು ಮರ್ಯಾದಸ್ಥರ ಲಕ್ಷಣ,” ಎಂದಿತು ಗಿಳಿ.

“ನಮ್ಮವರು ಕತ್ತಲಾದರೆ ಹದ್ದಿನ ಕಾಟ ತಪ್ಪಿತೆಂದು ಮೇಯಲು ಹೊರಡುತ್ತಾರೆ,” ಎಂದಿತು ಗಿನಿಪಿಗ್. “ಅಂದಹಾಗೆ, ಇಷ್ಟು ವರ್ಷ ಮರ್ಯಾದೆಯಿಂದ ಮಲಗಿದ್ದಕ್ಕೆ ತಮಗೆ ಎಷ್ಟು ಸೌತೆಕಾಯಿ ಸಿಕ್ಕಿತು?”

ಮರುದಿನ ರಾತ್ರಿ ಗಿಳಿ ತನ್ನ ಸೀರೆಯೊಳಗಿಂದ, ಗಿನಿಪಿಗ್ಗಿಗಿಂತ ಚೆನ್ನಾಗಿ, “ವೀಕ್, ವೀಕ್” ಎಂದು ಕೂಗಿತು. ವಾರಿಜಮ್ಮ ಗೊಣಗುತ್ತಾ ಎದ್ದು ಬಂದು, ಹೋಳನ್ನು ಗಿನಿಪಿಗ್ಗಿನ ಪಂಜರಕ್ಕೆ ತುರುಕಿ ಹೋದರು.

“ತುಂಬಾ ಉಪಕಾರವಾಯಿತು,” ಎಂದಿತು ಗಿನಿಪಿಗ್, ಅಗಿಯುತ್ತಾ. “ಕಿರುಚಿ ಕಿರುಚಿ ನನ್ನ ಗಂಟಲೂ ಕಟ್ಟಿತ್ತು. ನಾಳೆಯಿಂದ ಈ ಕೆಲಸ ತಾವೇ ನೋಡಿಕೊಳ್ಳಿ.”