ನಟ್ಟನಡುವಿನ ಹೆಸರು

ಗದಗಿನಲ್ಲಿ ಏಳು ಹೆಂಗಸರ ಒಂದು ಸಣ್ಣ ಸಂಘವಿತ್ತು. ಅವರು ಹಳೆಯ ಸೀರೆಗಳಿಂದ ಕೌದಿ ಹೊಲಿದು ನೇಪಾಳದ ಒಂದು ಬೆಟ್ಟದೂರಿನ ಬಾಣಂತಿಯರಿಗೆ ಕಳಿಸುತ್ತಿದ್ದರು. ಕೌದಿ ಎಂದರೆ ಹಾಸಲೂ ಬರುತ್ತದೆ, ಹೊದೆಯಲೂ ಬರುತ್ತದೆ. ಆದರೆ ಇವು ಕೂಸು ಮಲಗಿಸುವ ಪುಟ್ಟ ಕೌದಿಗಳು.

ಈ ಸಲ ನಲವತ್ತು ಸಿದ್ಧವಾದವು. ಲಾರಿ ಕೊಡಲು ಒಪ್ಪಿದ್ದ ಮೂಕಪ್ಪ ಸಾಹುಕಾರರು ಅದು ಹೊರಡುವ ಮುನ್ನಾದಿನ ಬಂದು, "ಪ್ರತಿ ಕೌದಿ ಮ್ಯಾಲೂ ನನ್ನ ಹೆಸರು ಹೊಲೀರಿ. ಇಲ್ಲಾಂದ್ರ ಲಾರಿ ಇಲ್ಲ" ಎಂದರು.

ನಲವತ್ತು ಹೆಸರು ಹೊಲಿಯಲು ಏಳೂ ಜನ ಕೂತರೂ ಒಂದು ವಾರ ಬೇಕು. ಅಷ್ಟರಲ್ಲಿ ಅಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ. ಆದರೂ ಸಂಘದ ಹಿರಿಯಾಕೆ ಆಗುವುದಿಲ್ಲ ಎನ್ನಲಿಲ್ಲ.

"ಎಲ್ಲಿ ಹೊಲೀಲ್ರೀ ಸಾವ್ಕಾರ್ರ, ಮೂಲ್ಯಾಗ?"

"ಮೂಲ್ಯಾಗ ಯಾಕ? ನಟ್ಟನಡುವ, ದೊಡ್ಡದಾಗಿ!"

ಅವಳು ಒಂದು ಕೌದಿಯ ನಡುವೆ ಕೆಂಪು ದಾರದಲ್ಲಿ ಹೆಸರು ಹೊಲಿದಳು. ಸಂಜೆ ಸಾಹುಕಾರರು ನೋಡಲು ಬಂದಾಗ ಅದರ ಮೇಲೆ ತನ್ನ ಮೊಮ್ಮಗಳನ್ನು ಮಲಗಿಸಿದ್ದಳು. ಮೂರು ತಿಂಗಳ ಕೂಸು. ಅದಕ್ಕೆ ಓದಲು ಬರುವುದಿಲ್ಲವಲ್ಲ. ಕಾಲು ಬಡಿಯಿತು, ನಕ್ಕಿತು, ಆಮೇಲೆ ಸಾಹುಕಾರರ ಕಣ್ಣೆದುರೇ ಅವರ ಹೆಸರನ್ನು ಪೂರ್ತಿ ತೋಯಿಸಿತು.

"ಏ, ಎತ್ತಬೇ ಅದನ್ನ!"

"ಎಷ್ಟಂತ ಎತ್ತೂದ್ರೀ? ಅಲ್ಲಿ ನಲವತ್ತು ಮನ್ಯಾಗ, ದಿನಕ್ಕ ಹತ್ತು ಸಲ."

ಸಾಹುಕಾರರು ಧೋತರದ ಚುಂಗು ಎತ್ತಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ, "ಆ ಹೆಸರು ಬಿಚ್ಚಿಬಿಡು. ಗುಪ್ತದಾನಾನ ಶ್ರೇಷ್ಠ. ಬೆಳಿಗ್ಗೆ ಲಾರಿ ಬರತೈತಿ" ಎಂದರು.

"ನಾನೂ ಅದನ್ನ ಹೇಳಾಕಿ ಇದ್ದೆ," ಎಂದು ಅವಳು ಮೊಮ್ಮಗಳನ್ನು ಎತ್ತಿಕೊಂಡಳು. "ಈಕೀನ ಮೊದಲು ಹೇಳಿಬಿಟ್ಲು."